ಪೈಲಟ್‌ನಲ್ಲಿ ಗೆದ್ದ ಬ್ಯಾಚ್ ದೊಡ್ಡ ಟ್ಯಾಂಕಿನಲ್ಲಿ ಕೈಕೊಟ್ಟಾಗ: ಶಿಲೀಂಧ್ರ ಹುದುಗುವಿಕೆಯ ದೋಷ ನಿವಾರಣೆ ಕೈಪಿಡಿ

ನೂರು ಲೀಟರಿನ ಪೈಲಟ್ (ಪ್ರಾಯೋಗಿಕ) ಟ್ಯಾಂಕಿನಲ್ಲಿ ಒಂದರ ಹಿಂದೆ ಒಂದರಂತೆ ಒಳ್ಳೆಯ ಬ್ಯಾಚುಗಳು ಬಂದಿವೆ. ಅದೇ ತಳಿ, ಅದೇ ಮಾಧ್ಯಮ (ಪೋಷಕ ದ್ರವ), ಅದೇ ತಾಪಮಾನ ಮತ್ತು ಅದೇ ಪಿಎಚ್ ಇಟ್ಟುಕೊಂಡು ನೂರು ಘನ ಮೀಟರಿನ ಉತ್ಪಾದನಾ ಬಯೋರಿಯಾಕ್ಟರಿಗೆ, ಅಂದರೆ ಶಿಲೀಂಧ್ರ ಬೆಳೆಸುವ ದೊಡ್ಡ ಟ್ಯಾಂಕಿಗೆ, ಹೋದಾಗ ಇಳುವರಿ ಕುಸಿಯುತ್ತದೆ. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಎಲ್ಲ ಅಂಕಿಗಳೂ ಸರಿಯಾಗಿಯೇ ಕಾಣುತ್ತಿರುತ್ತವೆ. ಆದರೆ ಆ ಅಂಕಿಗಳು ಪ್ರೋಬ್ (ಅಳೆಯುವ ಕಡ್ಡಿ) ಕೂರಿಸಿದ ಒಂದು ಜಾಗದವು. ಶಿಲೀಂಧ್ರವಾದರೋ ಟ್ಯಾಂಕಿನ ತುಂಬ ಸುತ್ತುತ್ತಿರುತ್ತದೆ.

ಒಂದು ಲೆಕ್ಕ ಇಡೀ ಸಮಸ್ಯೆಯನ್ನು ತೋರಿಸುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಿಂದ ಪೂರ್ಣ ಸಂತೃಪ್ತವಾದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ, ಅಂದರೆ 0.23 ಮಿಲಿಮೋಲ್ ಮಾತ್ರ. ಚುರುಕಾಗಿ ಬೆಳೆಯುವ ಶಿಲೀಂಧ್ರ ಲೀಟರಿಗೆ ಗಂಟೆಗೆ 50 ಮಿಲಿಮೋಲ್ ಬಳಸುತ್ತಿದ್ದರೆ ಈ ದಾಸ್ತಾನು 17 ಸೆಕೆಂಡುಗಳಲ್ಲಿ ಮುಗಿಯುತ್ತದೆ. ದೊಡ್ಡ ಟ್ಯಾಂಕಿನಲ್ಲಿ, ಅದರಲ್ಲೂ ಗಟ್ಟಿಯಾದ ಬ್ರಾತ್‌ನಲ್ಲಿ (ಶಿಲೀಂಧ್ರ ಬೆಳೆಯುತ್ತಿರುವ ದ್ರವದಲ್ಲಿ), ಒಂದು ಸುತ್ತು ಬೆರೆಯಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದು ಅಪರೂಪವಲ್ಲ. ಕೆಳಗಿನ ಬಹುಪಾಲು ದೋಷಗಳು ಈ ಎರಡು ಸಮಯಗಳ ನಡುವಿನ ಅಂತರದಲ್ಲಿಯೇ ಹುಟ್ಟುತ್ತವೆ.

ಯಾವ ಗುಂಡಿಯನ್ನೂ ತಿರುಗಿಸುವ ಮೊದಲು

ಕೆಟ್ಟ ಬ್ಯಾಚಿನ ಮತ್ತು ಒಳ್ಳೆಯ ಪೈಲಟ್ ಬ್ಯಾಚಿನ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಕರಗಿದ ಆಮ್ಲಜನಕ, ಪಿಎಚ್, ಕ್ಷಾರ ಅಥವಾ ಅಮೋನಿಯಾ ಬಳಕೆ, ಹೊರಹೋಗುವ ಅನಿಲದಲ್ಲಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್, ಕಲಕುವ ಮೋಟರಿನ ವಿದ್ಯುತ್ ಬಳಕೆ: ಇಷ್ಟು ಸಾಕು. ಎರಡೂ ಎಷ್ಟನೆಯ ಗಂಟೆಯಲ್ಲಿ ಬೇರೆಯಾದವು ಎಂಬುದು ಎಷ್ಟು ಬೇರೆಯಾದವು ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ.

ಎರಡನೆಯ ಕೆಲಸ ಸೂಕ್ಷ್ಮದರ್ಶಕದ್ದು. ಒಂದು ಹನಿ ಬ್ರಾತ್ ಅನ್ನು ಗಾಜಿನ ಮೇಲಿಟ್ಟು ನೋಡಲು ಹತ್ತು ನಿಮಿಷವೂ ಬೇಡ. ಆದರೂ ಮೂರು ಸಭೆಗಳಾದ ಮೇಲೆ ಯಾರಿಗೋ ಅದು ನೆನಪಾಗುವುದನ್ನು ಕಾಣುತ್ತೇವೆ. ಮೂರನೆಯದು ಸಂಯಮ: ಒಂದು ಬ್ಯಾಚಿನಲ್ಲಿ ಒಂದೇ ಬದಲಾವಣೆ. ಕಲಕುವ ವೇಗ, ಗಾಳಿ ಮತ್ತು ಫೀಡ್ (ನಡುವೆ ಕೊಡುತ್ತ ಹೋಗುವ ಆಹಾರ) ಮೂರನ್ನೂ ಒಟ್ಟಿಗೆ ಬದಲಿಸಿ ಬ್ಯಾಚ್ ಸುಧಾರಿಸಿದರೆ ಕಾರಣ ತಿಳಿಯದೆ ಉಳಿಯುತ್ತದೆ, ಮುಂದಿನ ತಿಂಗಳು ದೋಷ ಮರಳಿ ಬರುತ್ತದೆ.

ಲಕ್ಷಣ: ಕರಗಿದ ಆಮ್ಲಜನಕ ಬೇಗ ಕುಸಿದು ಮತ್ತೆ ಮೇಲೇಳುವುದಿಲ್ಲ

ಮೊದಲು ಪ್ರೋಬ್ ಮೇಲೆಯೇ ಅನುಮಾನಪಡಿ. ಪೊರೆಯ ಮೇಲೆ ಕವಕಜಾಲ (ಶಿಲೀಂಧ್ರದ ಎಳೆಗಳ ಬಲೆ) ಅಂಟಿಕೊಂಡು ಬೆಳೆದರೆ ಪ್ರೋಬ್ ಅಳೆಯುವುದು ಆ ಪದರದೊಳಗಿನ ಸ್ಥಿತಿಯನ್ನೇ ಹೊರತು ಟ್ಯಾಂಕಿನದ್ದನ್ನಲ್ಲ. ಇನ್ನೊಂದು ಸಾಮಾನ್ಯ ಮೋಸ ಒತ್ತಡದ್ದು. ಪ್ರೋಬ್ ಅಳೆಯುವುದು ಆಮ್ಲಜನಕದ ಆಂಶಿಕ ಒತ್ತಡವನ್ನು (ಒಟ್ಟು ಒತ್ತಡದಲ್ಲಿ ಅದರ ಪಾಲನ್ನು); ಆದ್ದರಿಂದ ಟ್ಯಾಂಕನ್ನು ವಾತಾವರಣದ ಒತ್ತಡದಲ್ಲಿಟ್ಟು ನೂರಕ್ಕೆ ಹೊಂದಿಸಿ, ನಂತರ ಅರ್ಧ ಬಾರ್ ಹೆಚ್ಚುವರಿ ಒತ್ತಡ ಕೊಟ್ಟರೆ ಅದು ಸುಮಾರು 150 ತೋರಿಸುತ್ತದೆ. ಪೈಲಟ್‌ನಲ್ಲಿ ಒಂದು ಒತ್ತಡದಲ್ಲಿ, ಉತ್ಪಾದನೆಯಲ್ಲಿ ಇನ್ನೊಂದರಲ್ಲಿ ಹೊಂದಿಸಿದ ಪ್ರೋಬುಗಳ "30 ಶೇಕಡಾ" ಒಂದೇ ಅಲ್ಲ. ಹತ್ತು ಮೀಟರ್ ಆಳದ ದ್ರವ ತಳದಲ್ಲಿ ಸುಮಾರು ಒಂದು ಬಾರ್ ಒತ್ತಡವನ್ನು ತಾನೇ ಸೇರಿಸುತ್ತದೆ ಎಂಬುದನ್ನೂ ಮರೆಯಬಾರದು: ತಳದ ಪ್ರೋಬ್ ನೆಮ್ಮದಿಯ ಅಂಕಿ ತೋರಿಸುವಾಗ ಮೇಲ್ಭಾಗದಲ್ಲಿ ಆಮ್ಲಜನಕ ಬರಿದಾಗಿರಬಹುದು.

ಪ್ರೋಬ್ ನಿಜ ಹೇಳುತ್ತಿದೆಯೇ ಎಂಬುದಕ್ಕೆ ಹೊರಹೋಗುವ ಅನಿಲ ಸಾಕ್ಷಿ. ಒಳಬರುವ ಒಣ ಗಾಳಿಯಲ್ಲಿ ಆಮ್ಲಜನಕ ಶೇಕಡಾ 20.95 ಇರುತ್ತದೆ, ಹೊರಗೆ ಎಷ್ಟು ಕಡಿಮೆಯಾಗಿದೆ ಎಂಬುದರಿಂದ ಬಳಕೆಯ ದರ ಸಿಗುತ್ತದೆ. ಪ್ರೋಬ್ ಸೊನ್ನೆ ತೋರಿಸುತ್ತಿದ್ದರೂ ಬಳಕೆಯ ದರ ಎಂದಿನಂತೆ ಏರುತ್ತಲೇ ಇದ್ದರೆ ದೋಷ ಪ್ರೋಬಿನದ್ದು. ಪ್ರೋಬ್ ಸೊನ್ನೆಗೆ ಬಂದ ಹೊತ್ತಿಗೇ ಬಳಕೆಯ ದರವೂ ಮೇಲೇರದೆ ಸಮತಟ್ಟಾಗಿ ನಿಂತರೆ ಟ್ಯಾಂಕ್ ತನ್ನ ಆಮ್ಲಜನಕ ವರ್ಗಾವಣೆಯ ಮಿತಿಯನ್ನು ನಿಜವಾಗಿಯೂ ಮುಟ್ಟಿದೆ.

ಮಿತಿ ನಿಜವಾಗಿದ್ದರೆ ಮೋಟರಿನ ವಿದ್ಯುತ್ ಬಳಕೆಯನ್ನು ನೋಡಬೇಕು. ಗಾಳಿ ಹೆಚ್ಚಿಸಿದಾಗ ಮೋಟರಿನ ಹೊರೆ ದಿಢೀರನೆ ಇಳಿದು ಕರಗಿದ ಆಮ್ಲಜನಕವೂ ಇಳಿದರೆ ಇಂಪೆಲ್ಲರ್ (ಕಲಕುವ ಅಲಗುಚಕ್ರ) ಗಾಳಿಯಲ್ಲಿ ಮುಳುಗಿದೆ ಎಂದರ್ಥ: ಅಲಗುಗಳ ಹಿಂದೆ ಗಾಳಿಯ ಕುಹರಗಳು ಕೂಡಿಕೊಂಡು, ಗುಳ್ಳೆಗಳು ಒಡೆದು ಹರಡುವ ಬದಲು ದಂಡದ ಸುತ್ತಲೇ ನೇರ ಮೇಲಕ್ಕೆ ಹೋಗುತ್ತಿವೆ. ಇದಕ್ಕೆ ಮದ್ದು ಹೆಚ್ಚು ಗಾಳಿಯಲ್ಲ, ಕಡಿಮೆ ಗಾಳಿ. ಈ ಸ್ಥಿತಿ ಬರುವುದು ಬಹುತೇಕ ಪೈಲಟ್‌ನ "ನಿಮಿಷಕ್ಕೆ ದ್ರವದ ಗಾತ್ರದಷ್ಟು ಗಾಳಿ" ಎಂಬ ಅನುಪಾತವನ್ನು ಹಾಗೆಯೇ ದೊಡ್ಡದಕ್ಕೆ ಒಯ್ದಾಗ. ಒಂದೇ ಆಕಾರದ ಟ್ಯಾಂಕಿನ ಗಾತ್ರ ಸಾವಿರ ಪಟ್ಟಾದರೆ ಎತ್ತರ ಹತ್ತು ಪಟ್ಟಾಗುತ್ತದೆ. ಅದೇ ಅನುಪಾತ ಇಟ್ಟರೆ ಅಡ್ಡಕೊಯ್ತದ ಮೂಲಕ ಗಾಳಿ ಏರುವ ವೇಗವೂ ಹತ್ತು ಪಟ್ಟಾಗಿ, ನೊರೆಯೂ ಇಂಪೆಲ್ಲರ್ ಮುಳುಗುವಿಕೆಯೂ ಒಟ್ಟಿಗೆ ಬರುತ್ತವೆ.

ನಂತರದ ಪ್ರಶ್ನೆ ನೊರೆನಾಶಕದ್ದು. ಅದನ್ನು ಸುರಿದ ನಿಮಿಷಗಳಲ್ಲೇ ಕರಗಿದ ಆಮ್ಲಜನಕ ಮೆಟ್ಟಿಲಿಳಿದಂತೆ ಕುಸಿದರೆ ಕಾರಣ ಅಲ್ಲಿಯೇ ಇದೆ. ನೊರೆನಾಶಕ ಗುಳ್ಳೆಗಳನ್ನು ಕೂಡಿಸಿ ದೊಡ್ಡದಾಗಿಸುತ್ತದೆ, ಅಷ್ಟೇ ಗಾಳಿ ದೊಡ್ಡ ಗುಳ್ಳೆಗಳಲ್ಲಿದ್ದರೆ ಒಟ್ಟು ಮೇಲ್ಮೈ ಕಡಿಮೆ.

ಇಷ್ಟಾದ ಮೇಲೆ ಉಳಿಯುವ ಅಗ್ಗದ ಉಪಾಯಗಳು ಎರಡು: ಟ್ಯಾಂಕಿನ ಒತ್ತಡವನ್ನು ಅದರ ಅನುಮತಿಯ ಮಿತಿಯೊಳಗೆ ಸ್ವಲ್ಪ ಏರಿಸುವುದು ಮತ್ತು ಸಕ್ಕರೆಯ ಫೀಡನ್ನು ನಿಧಾನಗೊಳಿಸಿ ಬೇಡಿಕೆಯನ್ನೇ ತಗ್ಗಿಸುವುದು. ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒತ್ತಡ ಏರಿಸಿದರೆ ಆಮ್ಲಜನಕದ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಕರಗುತ್ತದೆ. ಇಂಪೆಲ್ಲರ್ ಬದಲಿಸುವುದು, ಸ್ಪಾರ್ಜರ್ (ಗಾಳಿಯನ್ನು ಗುಳ್ಳೆಗಳಾಗಿ ಒಳಬಿಡುವ ಸಾಧನ) ಬದಲಿಸುವುದು, ಗಾಳಿಗೆ ಶುದ್ಧ ಆಮ್ಲಜನಕ ಬೆರೆಸುವುದು ಇವೆಲ್ಲ ವಿನ್ಯಾಸಕಾರರೊಡನೆ ಕೂತು ತೀರ್ಮಾನಿಸಬೇಕಾದ ವಿಷಯಗಳು. ಆಮ್ಲಜನಕದ ಕೊಳವೆಗೆ ಎಣ್ಣೆ ಅಥವಾ ಗ್ರೀಸ್ ತಗುಲಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಘಟಕದಲ್ಲಿಯೇ ತಾತ್ಕಾಲಿಕವಾಗಿ ಜೋಡಿಸಿ ಪ್ರಯೋಗ ಮಾಡಬಾರದು.

ಲಕ್ಷಣ: ಕರಗಿದ ಆಮ್ಲಜನಕ ಇದ್ದಕ್ಕಿದ್ದಂತೆ ಏರುತ್ತದೆ

ಸಾಮಾನ್ಯವಾಗಿ ಆಹಾರ ಮುಗಿದಿದೆ. ಫೀಡ್ ಪಂಪು ತಿರುಗುತ್ತಿದೆಯೇ ಎಂದಲ್ಲ, ಫೀಡ್ ಪಾತ್ರೆಯ ತೂಕ ಇಳಿಯುತ್ತಿದೆಯೇ ಎಂದು ನೋಡಬೇಕು; ಗಟ್ಟಿ ಸಕ್ಕರೆ ದ್ರಾವಣ ಕೊಳವೆಯಲ್ಲಿ ಕಟ್ಟಿಕೊಂಡಾಗಲೂ ಪಂಪು ಸುಮ್ಮನೆ ತಿರುಗುತ್ತಲೇ ಇರುತ್ತದೆ. ಸ್ವಲ್ಪ ಫೀಡ್ ಕೊಟ್ಟ ಕೂಡಲೇ ಆಮ್ಲಜನಕ ಇಳಿದರೆ ಶಿಲೀಂಧ್ರ ಆರೋಗ್ಯವಾಗಿದೆ. ಇಳಿಯದಿದ್ದರೆ, ಜೊತೆಗೆ ಪಿಎಚ್ ಏರುತ್ತ ಅಮೋನಿಯಾ ವಾಸನೆ ಬಂದರೆ, ಎಳೆಗಳು ಒಡೆದು ಕರಗುತ್ತಿವೆ. ಆ ಬ್ಯಾಚನ್ನು ಎಳೆಯದೆ ಕೊಯ್ಲು ಮಾಡುವುದೇ ಲೇಸು.

ಲಕ್ಷಣ: ಪರದೆಯ ಅಂಕಿಗಳು ಸರಿ, ಬೆಳವಣಿಗೆಯೂ ಸರಿ, ಉತ್ಪನ್ನ ಮಾತ್ರ ಕಡಿಮೆ

ಅತಿ ಹೆಚ್ಚು ಕಾಲ ತಿನ್ನುವ ದೋಷ ಇದು. ಪರೀಕ್ಷೆಯನ್ನು ಕಾಗದದಿಂದ ಆರಂಭಿಸಿ: ಕಚ್ಚಾವಸ್ತುವಿನ ಲಾಟ್ ಬದಲಾಗಿದೆಯೇ, ನೀರಿನ ಮೂಲ ಬದಲಾಗಿದೆಯೇ, ಬ್ಯಾಚಿನ ನಡುವೆ ಕಂಪ್ರೆಸರ್ ಅಥವಾ ವಿದ್ಯುತ್ ಎಂದಾದರೂ ನಿಂತಿತ್ತೇ. ಕೊನೆಯ ಪ್ರಶ್ನೆ ಆಸ್ಪರ್ಜಿಲಸ್ ನೈಗರ್‌ನಿಂದ ಸಿಟ್ರಿಕ್ ಆಮ್ಲ ತೆಗೆಯುವವರಿಗೆ ಬಹಳ ಮುಖ್ಯ. ಗಾಳಿ ಸ್ವಲ್ಪ ಹೊತ್ತು ನಿಂತರೂ ಬೆಳವಣಿಗೆ ಚೇತರಿಸಿಕೊಳ್ಳುತ್ತದೆ, ಆಮ್ಲ ಉತ್ಪಾದನೆ ಮಾತ್ರ ಹಿಂದಿನ ಮಟ್ಟಕ್ಕೆ ಬಾರದೆ ಹೋಗಬಹುದು.

ಸಿಟ್ರಿಕ್ ಆಮ್ಲದ ಇನ್ನೊಂದು ಶತ್ರು ಮ್ಯಾಂಗನೀಸ್. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ದಾಟಿದರೆ ಇಳುವರಿ ಕುಸಿಯುತ್ತದೆ, ಮತ್ತು ಅದು ಸೂಕ್ಷ್ಮದರ್ಶಕದಲ್ಲಿಯೇ ಕಾಣುತ್ತದೆ: ಮ್ಯಾಂಗನೀಸ್ ಕೊರತೆಯಿದ್ದಾಗ ಎಳೆಗಳು ಗಿಡ್ಡವಾಗಿ, ಊದಿಕೊಂಡು, ಬಿಗಿಯಾದ ಸಣ್ಣ ಉಂಡೆಗಳಾಗಿರುತ್ತವೆ, ಅದು ಹೆಚ್ಚಾದಾಗ ತೆಳ್ಳಗೆ ಉದ್ದವಾಗಿ ಹರಡುತ್ತವೆ. ಪೈಲಟ್‌ನಲ್ಲಿ ಶುದ್ಧ ಗ್ಲೂಕೋಸ್ ಮತ್ತು ಅಯಾನು ತೆಗೆದ ನೀರು ಬಳಸಿ, ಉತ್ಪಾದನೆಯಲ್ಲಿ ಕಾಕಂಬಿಗೆ ಹೋದವರು ಇದನ್ನು ಮೊದಲು ಪರೀಕ್ಷಿಸಬೇಕು. ತುಕ್ಕುಹಿಡಿಯದ ಉಕ್ಕಿನಲ್ಲಿಯೂ ಮ್ಯಾಂಗನೀಸ್ ಇರುವುದರಿಂದ ಮೇಲ್ಮೈಯನ್ನು ಸರಿಯಾಗಿ ಆಮ್ಲೋಪಚಾರ ಮಾಡದ ಹೊಸ ಟ್ಯಾಂಕೂ ಅನುಮಾನಕ್ಕೆ ಅರ್ಹ. ಇದೇ ಶಿಲೀಂಧ್ರದಲ್ಲಿ ಪಿಎಚ್ ಬೇಕಾದಷ್ಟು ಇಳಿಯದೆ ಉಳಿದರೆ ಸಕ್ಕರೆ ಗ್ಲೂಕೋನಿಕ್ ಮತ್ತು ಆಕ್ಸಾಲಿಕ್ ಆಮ್ಲಗಳ ಕಡೆಗೆ ಸೋರುತ್ತದೆ. ಆದ್ದರಿಂದ ಒಟ್ಟು ಆಮ್ಲತೆಯನ್ನು ಟೈಟ್ರೇಟ್ ಮಾಡಿ ಸಮಾಧಾನಪಡದೆ ಯಾವ ಆಮ್ಲ ಎಂಬುದನ್ನು ಅಳೆಯಬೇಕು.

ಮುಂದಿನ ಅನುಮಾನ ಕ್ರಿಮಿಶುದ್ಧೀಕರಣ. ಸಣ್ಣ ಟ್ಯಾಂಕ್ 121 ಡಿಗ್ರಿಗೆ ಏರಿ ಇಳಿಯಲು ಹಿಡಿಯುವ ಸಮಯ ಕಡಿಮೆ; ದೊಡ್ಡದು ಏರಲು ಮತ್ತು ತಣಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಸಕ್ಕರೆಯೂ ಅಮೈನೋ ಸಾರಜನಕವೂ ಒಟ್ಟಿಗೆ ಬಿಸಿಯಾದರೆ ಮಾಧ್ಯಮ ಕಂದುಬಣ್ಣಕ್ಕೆ ತಿರುಗಿ, ಪೋಷಕಾಂಶ ನಷ್ಟವಾಗಿ, ಬೆಳವಣಿಗೆಗೆ ಅಡ್ಡಿಮಾಡುವ ವಸ್ತುಗಳೂ ಉಂಟಾಗುತ್ತವೆ. ಬೀಜ (ಮೊದಲೇ ಬೆಳೆಸಿಟ್ಟ ಶಿಲೀಂಧ್ರ) ಹಾಕುವ ಮೊದಲು ಎರಡೂ ಟ್ಯಾಂಕುಗಳ ಮಾಧ್ಯಮವನ್ನು ಬಿಳಿ ಹಿನ್ನೆಲೆಯಲ್ಲಿ ಪಕ್ಕಪಕ್ಕ ಹಿಡಿದು ನೋಡಿದರೆ ಬಣ್ಣದ ವ್ಯತ್ಯಾಸ ಕಣ್ಣಿಗೇ ಸಿಗುತ್ತದೆ. ತಳದಲ್ಲಿ ಬಿಳಿಯ ಗಷ್ಟು ಕಂಡರೆ ಫಾಸ್ಫೇಟ್ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಜೊತೆ ಕೂಡಿ ಕೂತಿರುವ ಸಾಧ್ಯತೆಯಿದೆ. ಸಕ್ಕರೆಯನ್ನು ಬೇರೆಯಾಗಿ ಕ್ರಿಮಿಶುದ್ಧಗೊಳಿಸಿ ಸೇರಿಸುವುದು, ಅಥವಾ ಹೆಚ್ಚು ತಾಪಮಾನದಲ್ಲಿ ಅಲ್ಪಕಾಲ ಹರಿಸುವ ನಿರಂತರ ವಿಧಾನ, ಪರಿಹಾರಗಳು.

ಇವೆಲ್ಲ ಸರಿಯಿದ್ದರೆ ಬೆರೆಯುವಿಕೆಗೆ ಬರಬೇಕು. ಫೀಡ್ ಬೀಳುವ ಜಾಗವನ್ನು ನೋಡಿ. ಅದು ದ್ರವದ ಮೇಲ್ಮೈಯಲ್ಲಿ, ಗೋಡೆಯ ಬಳಿ, ಅಲುಗಾಡದ ಮೂಲೆಯಲ್ಲಿದ್ದರೆ ಅಲ್ಲಿ ಗ್ಲೂಕೋಸ್ ಗ್ರಾಂಗಳ ಲೆಕ್ಕದಲ್ಲಿರುತ್ತದೆ, ತಳದಲ್ಲಿ ಸೊನ್ನೆಯಿರುತ್ತದೆ. ಮಾದರಿ ಕವಾಟದಿಂದ ತೆಗೆದ ಬಾಟಲಿ ಮಾತ್ರ ಸರಾಸರಿಯನ್ನು ಹೇಳಿ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಟ್ರೈಕೋಡರ್ಮಾ ರೀಸೈಯಲ್ಲಿ ಸೆಲ್ಯುಲೇಸ್ ಉತ್ಪಾದನೆಯನ್ನು, ಪೆನಿಸಿಲಿಯಂನಲ್ಲಿ ಪೆನಿಸಿಲಿನ್ ಉತ್ಪಾದನೆಯನ್ನು ಹೆಚ್ಚಿದ ಗ್ಲೂಕೋಸ್ ಅದುಮಿಡುತ್ತದೆ, ಹಾಗಾಗಿ ಮೇಲಿನ ವಲಯವನ್ನು ಹಾದುಹೋದಾಗಲೆಲ್ಲ ಶಿಲೀಂಧ್ರಕ್ಕೆ ತಪ್ಪು ಸಂದೇಶ ತಲುಪುತ್ತದೆ. ಫೀಡ್ ಕೊಳವೆಯನ್ನು ಇಂಪೆಲ್ಲರಿನ ಹತ್ತಿರಕ್ಕೆ ಒಯ್ಯುವುದು ಅಥವಾ ಎರಡು ಮೂರು ಕಡೆ ಹಂಚುವುದು ದುಬಾರಿಯ ಕೆಲಸವಲ್ಲ. ಅಮೋನಿಯಾ ಮತ್ತು ಕ್ಷಾರದ ಕೊಳವೆಗಳಿಗೂ ಇದೇ ಮಾತು ಸಲ್ಲುತ್ತದೆ. ಪಿಎಚ್ ಪ್ರೋಬ್ ದೂರದಲ್ಲಿದ್ದರೆ ನಿಯಂತ್ರಕ ಅಗತ್ಯಕ್ಕಿಂತ ಹೆಚ್ಚು ಸುರಿದ ಮೇಲೆಯೇ ನಿಲ್ಲಿಸುತ್ತದೆ.

ಇದು ನಿಜವೇ ಎಂದು ಸಾಬೀತುಮಾಡಲು ದೊಡ್ಡ ಟ್ಯಾಂಕನ್ನು ಪ್ರಯೋಗಶಾಲೆಯಾಗಿಸಬೇಕಿಲ್ಲ. ಸಣ್ಣ ಟ್ಯಾಂಕಿಗೆ ಗಾಳಿಯಿಲ್ಲದ ಉದ್ದ ಕೊಳವೆಯೊಂದನ್ನು ಜೋಡಿಸಿ, ಬ್ರಾತ್ ಅದರೊಳಗೆ ಒಂದು ನಿಮಿಷ ಇದ್ದು ಮರಳುವಂತೆ ಸುತ್ತಿಸಿ, ಫೀಡನ್ನು ಆ ಕೊಳವೆಗೆ ಬಿಟ್ಟರೆ ದೊಡ್ಡ ಟ್ಯಾಂಕಿನ ಏರುಪೇರು ಸಣ್ಣದರಲ್ಲಿ ಮರುಹುಟ್ಟುತ್ತದೆ. ಸಣ್ಣದರಲ್ಲೂ ಇಳುವರಿ ಅದೇ ರೀತಿ ಕುಸಿದರೆ ಕಾರಣ ಸಿಕ್ಕಿತು.

ಲಕ್ಷಣ: ಬ್ರಾತ್ ಗಂಜಿಯಂತೆ ಗಟ್ಟಿಯಾಗುತ್ತದೆ, ಅಥವಾ ಉಂಡೆಗಳ ಗಾತ್ರ ಬೇರೆಯಾಗುತ್ತದೆ

ಬಿಡಿ ಎಳೆಗಳಾಗಿ ಬೆಳೆದ ಶಿಲೀಂಧ್ರ ಬ್ರಾತ್‌ನ ಸ್ನಿಗ್ಧತೆಯನ್ನು ಏರಿಸುತ್ತದೆ. ಈ ದ್ರವ ಕಲಕಿದಲ್ಲಿ ತೆಳುವಾಗುತ್ತದೆ, ಕಲಕದಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಪರಿಣಾಮವಾಗಿ ಇಂಪೆಲ್ಲರಿನ ಸುತ್ತ ಮಾತ್ರ ಓಡಾಟವಿದ್ದು ಗೋಡೆಯ ಬಳಿ ಬ್ರಾತ್ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ನೋಡುಗಾಜಿನಿಂದ ದೀಪ ಹಾಕಿ ನೋಡಿದಾಗ ಗೋಡೆಯ ಬಳಿಯ ಮೇಲ್ಮೈ ಚಲಿಸದಿದ್ದರೆ ಈ ಸ್ಥಿತಿ ಬಂದಿದೆ. ಉಂಡೆಗಳಾಗಿ ಬೆಳೆದರೆ ಬ್ರಾತ್ ತೆಳುವಾಗಿರುತ್ತದೆ, ಆದರೆ ಉಂಡೆ ದೊಡ್ಡದಾದಷ್ಟೂ ಅದರ ನಡುವಿಗೆ ಆಮ್ಲಜನಕ ತಲುಪದೆ ಒಳಭಾಗ ಟೊಳ್ಳಾಗುತ್ತದೆ. ಬ್ಲೇಡಿನಿಂದ ಉಂಡೆಯೊಂದನ್ನು ಸೀಳಿದರೆ ತಿಳಿಯುತ್ತದೆ.

ರೂಪ ಬದಲಾಗಲು ಕಾರಣ ಹೆಚ್ಚಾಗಿ ಬೀಜ ಹಂತದಲ್ಲಿಯೇ ಇರುತ್ತದೆ. ಮಿಲಿಲೀಟರಿಗೆ ಎಷ್ಟು ಬೀಜಕ (ಶಿಲೀಂಧ್ರದ ಸ್ಪೋರ್), ಅವು ಗುಂಪುಗಟ್ಟಿದ್ದವೇ, ಸೀಡ್ ಟ್ಯಾಂಕಿನ (ಬೀಜ ಬೆಳೆಸುವ ಸಣ್ಣ ಟ್ಯಾಂಕಿನ) ಆರಂಭದ ಪಿಎಚ್ ಎಷ್ಟು, ಸೀಡ್ ಎಷ್ಟು ಹೊತ್ತು ಕಾದಿತ್ತು ಎಂಬುದನ್ನು ಮೊದಲು ಹೋಲಿಸಿ. ಬೀಜಕಗಳು ಕಡಿಮೆಯಾದರೆ ಸಾಮಾನ್ಯವಾಗಿ ಕೆಲವೇ ದೊಡ್ಡ ಉಂಡೆಗಳು, ಹೆಚ್ಚಾದರೆ ಸಣ್ಣ ಉಂಡೆಗಳು ಅಥವಾ ಬಿಡಿ ಎಳೆಗಳು.

ಕಲಕುವ ವೇಗವನ್ನು ಏರಿಸುವ ಆಸೆಯನ್ನು ಇಲ್ಲಿ ತಡೆಯಬೇಕು. ಘನ ಮೀಟರಿಗೆ ಅದೇ ಶಕ್ತಿ ಇಟ್ಟು ಸಾವಿರ ಪಟ್ಟು ದೊಡ್ಡದಕ್ಕೆ ಹೋದರೆ ಸುತ್ತುಗಳ ಸಂಖ್ಯೆ ಐದನೆಯ ಒಂದು ಭಾಗಕ್ಕೆ ಹತ್ತಿರ ಇಳಿದರೂ ಅಲಗಿನ ತುದಿಯ ವೇಗ ಎರಡು ಪಟ್ಟಿಗೂ ಹೆಚ್ಚಾಗಿರುತ್ತದೆ. ಪರದೆಯ ಮೇಲಿನ ಸುತ್ತುಗಳ ಅಂಕಿ ಕಡಿಮೆ ಕಂಡಿತೆಂದು ಏರಿಸಿದರೆ ಎಳೆಗಳು ತುಂಡಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಮೊಂಡಾದ ತುದಿಗಳು ಮತ್ತು ಖಾಲಿಯಾದ ಎಳೆಗಳು ಹೆಚ್ಚಿದರೆ ಅದರ ಸುಳಿವು.

ಲಕ್ಷಣ: ಬೆಳವಣಿಗೆ ತಡವಾಗಿ ಆರಂಭವಾಗುತ್ತದೆ

ಸೀಡ್‌ನ ಪ್ರಮಾಣ ಮತ್ತು ವಯಸ್ಸು, ವರ್ಗಾವಣೆಯ ಕೊಳವೆ ಉಗಿಯಿಂದ ಶುದ್ಧವಾದ ಮೇಲೆ ತಣಿದಿತ್ತೇ, ಮಾಧ್ಯಮದ ತಾಪಮಾನ ನಿಜಕ್ಕೂ ಇಳಿದಿತ್ತೇ: ಇಷ್ಟೇ. ಬಿಸಿ ಕೊಳವೆಯೊಳಗೆ ಸೀಡ್ ಕಳಿಸಿ ಕೊಂದದ್ದು ಬಹಳ ಕಡೆ ತಳಿಯ ದೋಷವೆಂದು ದಾಖಲಾಗುತ್ತದೆ. ಇದಾವುದೂ ಅಲ್ಲದಿದ್ದರೆ ತಲೆಮಾರುಗಳನ್ನು ಎಣಿಸಿ. ದೊಡ್ಡ ಟ್ಯಾಂಕಿಗೆ ಹೆಚ್ಚು ಸೀಡ್ ಹಂತಗಳು ಬೇಕಾಗುವುದರಿಂದ ತಳಿ ದುರ್ಬಲವಾಗುವ ಅವಕಾಶವೂ ಹೆಚ್ಚು. ನಿರಂತರ ವಿಧಾನದಲ್ಲಿ ಇದು ಇನ್ನೂ ಸ್ಪಷ್ಟ: ಆಹಾರಕ್ಕಾಗಿ ಬೆಳೆಸುವ ಫ್ಯುಸೇರಿಯಂ ವೆನೆನೇಟಂನಲ್ಲಿ ಕಾಲ ಕಳೆದಂತೆ ವಿಪರೀತ ಕವಲೊಡೆಯುವ ರೂಪಾಂತರಿಗಳು ಮೂಲ ತಳಿಯನ್ನು ಬದಿಗೊತ್ತುತ್ತವೆ, ಆಗ ಟ್ಯಾಂಕನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುವುದೊಂದೇ ದಾರಿ.

ಲಕ್ಷಣ: ತಾಪಮಾನ ಹಿಡಿತಕ್ಕೆ ಸಿಗುವುದಿಲ್ಲ

ತಣ್ಣೀರಿನ ಕವಾಟ ಪೂರ್ತಿ ತೆರೆದಿದ್ದರೂ ತಾಪಮಾನ ಏರುತ್ತಿದ್ದರೆ, ನೀರು ಒಳಹೋಗುವಾಗಿನ ಮತ್ತು ಹೊರಬರುವಾಗಿನ ಉಷ್ಣತೆಯನ್ನು, ಸೋಸುಜಾಲರಿ ಕಟ್ಟಿದೆಯೇ ಎಂಬುದನ್ನು, ಸುರುಳಿಯ ಮೇಲೆ ಕವಕಜಾಲ ಅಥವಾ ಒಳಗೆ ಸುಣ್ಣದ ಪದರ ಕೂತಿದೆಯೇ ಎಂಬುದನ್ನು ನೋಡಿ. ಇವೆಲ್ಲ ಸರಿಯಿದ್ದರೆ ಲೆಕ್ಕವೇ ತಪ್ಪಿದೆ. ಒಂದು ಮೋಲ್ ಆಮ್ಲಜನಕ ಬಳಕೆಯಾದರೆ ಸುಮಾರು 460 ಕಿಲೋಜೌಲ್ ಶಾಖ ಹುಟ್ಟುತ್ತದೆ. ಮೇಲೆ ಹೇಳಿದ 50 ಮಿಲಿಮೋಲ್ ದರದಲ್ಲಿ ಇದು ಘನ ಮೀಟರಿಗೆ 6.4 ಕಿಲೋವ್ಯಾಟ್, ನೂರು ಘನ ಮೀಟರಿಗೆ 640 ಕಿಲೋವ್ಯಾಟ್. ಕಲಕುವಿಕೆಯ ಶಾಖ ಬೇರೆ. ಸಾವಿರ ಪಟ್ಟು ದೊಡ್ಡ ಟ್ಯಾಂಕಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಹೊರಗೋಡೆಯ ವಿಸ್ತೀರ್ಣ ಹತ್ತನೆಯ ಒಂದು ಭಾಗ ಮಾತ್ರ. ಒಳಸುರುಳಿಯ ವಿಸ್ತೀರ್ಣ ಸಾಲದಿದ್ದರೆ ಫೀಡ್ ತಗ್ಗಿಸುವುದಲ್ಲದೆ ತತ್‌ಕ್ಷಣದ ಉಪಾಯವಿಲ್ಲ.

ಲಕ್ಷಣ: ನೊರೆ ಮೇಲಕ್ಕೆ ಬರುತ್ತದೆ

ಗಾಳಿಯ ವೇಗ, ತುಂಬಿದ ಮಟ್ಟ, ನೊರೆ ಪ್ರೋಬ್ ಶುಚಿಯಾಗಿದೆಯೇ ಎಂಬುದನ್ನು ಈ ಅನುಕ್ರಮದಲ್ಲಿ ನೋಡಿ. ನೊರೆನಾಶಕವನ್ನು ಸ್ವಲ್ಪ ಸ್ವಲ್ಪವಾಗಿ, ಅಂತರ ಬಿಟ್ಟು ಕೊಡಬೇಕು. ಹೊರಗಾಳಿಯ ಫಿಲ್ಟರ್ ನೊರೆಯಿಂದ ಒದ್ದೆಯಾಗಿ ಕಟ್ಟಿಕೊಂಡರೆ ಟ್ಯಾಂಕಿನ ಒತ್ತಡ ಏರುತ್ತದೆ. ಒತ್ತಡ ಏರುತ್ತಲೇ ಇದ್ದರೆ ಮೊದಲು ಗಾಳಿ ತಗ್ಗಿಸಿ. ಒತ್ತಡ ಬಿಡುಗಡೆ ಕವಾಟವನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಲಕ್ಷಣ: ವಾಸನೆ, ಪಿಎಚ್ ಅಥವಾ ಬಳಕೆಯ ದರ ಅಸಹಜ, ಸೋಂಕಿನ ಅನುಮಾನ

ಶಿಲೀಂಧ್ರ ನಿಧಾನವಾಗಿ ಬೆಳೆಯುತ್ತದೆ, ಬ್ಯಾಕ್ಟೀರಿಯಾ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ದ್ವಿಗುಣಗೊಳ್ಳಬಲ್ಲದು. ಆದ್ದರಿಂದ ಕಾಯುವುದರಿಂದ ಲಾಭವಿಲ್ಲ. ಗ್ರಾಂ ಬಣ್ಣ (ಬ್ಯಾಕ್ಟೀರಿಯಾವನ್ನು ಗುರುತಿಸುವ ಬಣ್ಣ) ಹಾಕಿ ನೋಡಿ, ಆದರೆ ಬೀಜ ಹಾಕದ ಮಾಧ್ಯಮವನ್ನೂ ಪಕ್ಕದಲ್ಲಿಟ್ಟು ನೋಡಿ, ಏಕೆಂದರೆ ಧಾನ್ಯಮೂಲದ ಮಾಧ್ಯಮದ ಕಣಗಳು ಮತ್ತು ಸತ್ತ ಬ್ಯಾಕ್ಟೀರಿಯಾ ಕಣ್ಣನ್ನು ಮೋಸಗೊಳಿಸುತ್ತವೆ.

ಯಾರು ಬಂದಿದ್ದಾರೆ ಎಂಬುದರಿಂದ ಎಲ್ಲಿಂದ ಬಂದರು ಎಂಬುದು ತಿಳಿಯುತ್ತದೆ. ಬೀಜಾಣು ಕಟ್ಟುವ ಬ್ಯಾಸಿಲಸ್ ಮೊದಲ ದಿನವೇ ಕಂಡರೆ ಕ್ರಿಮಿಶುದ್ಧೀಕರಣ ಸಾಲದು: ಉಗಿ ತಲುಪದ ಕವಲುಕೊಳವೆ, ಕೆಲಸ ನಿಲ್ಲಿಸಿದ ಸ್ಟೀಮ್ ಟ್ರ್ಯಾಪ್ (ಉಗಿ ತಣಿದ ನೀರನ್ನು ಹೊರಬಿಡುವ ಕವಾಟ), ಮಾಧ್ಯಮದಲ್ಲಿನ ಹಿಟ್ಟಿನ ಗಂಟು. ನೀರಿನಲ್ಲಿ ವಾಸಿಸುವ ಗ್ರಾಂ ಋಣ ಬ್ಯಾಕ್ಟೀರಿಯಾ ನಡುವಿನಲ್ಲಿ ಬಂದರೆ ತಣ್ಣೀರಿನ ಸುರುಳಿಯಲ್ಲಿ ಸೂಜಿರಂಧ್ರವಿರಬಹುದು. ಟ್ಯಾಂಕ್ ಖಾಲಿಯಾದ ಮೇಲೆ ಸುರುಳಿಗೆ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಸೀಡ್ ಟ್ಯಾಂಕಿನ ಉಳಿಸಿಟ್ಟ ಮಾದರಿಯಲ್ಲೂ ಅದೇ ಜೀವಿ ಇದ್ದರೆ ದೊಡ್ಡ ಟ್ಯಾಂಕ್ ನಿರಪರಾಧಿ. ಉಳಿದಂತೆ ಗಾಳಿ ಫಿಲ್ಟರಿನ ಅಖಂಡತೆ, ಮಾದರಿ ಕವಾಟ, ದಂಡದ ಸೀಲ್. ಸೋಂಕಾದ ಬ್ಯಾಚನ್ನು ಬಿಸಿಯಿಂದ ಅಥವಾ ನಿಗದಿತ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸದೆ ಚರಂಡಿಗೆ ಬಿಡಬಾರದು.

ಎಲ್ಲಿ ನಿಲ್ಲಬೇಕು

ಟ್ಯಾಂಕಿನೊಳಗೆ ಇಳಿದು ಪರೀಕ್ಷಿಸುವ ಯಾವ ಕೆಲಸವೂ ಸೀಮಿತ ಸ್ಥಳ ಪ್ರವೇಶದ ಪರವಾನಗಿ, ಆಮ್ಲಜನಕದ ಅಳತೆ, ಮೋಟರಿಗೆ ಬೀಗ, ಹೊರಗೆ ಕಾವಲುಗಾರ ಇವಿಲ್ಲದೆ ನಡೆಯಬಾರದು. ಖಾಲಿ ಕಾಣುವ ಟ್ಯಾಂಕಿನ ತಳದಲ್ಲಿ ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕೂತಿರುತ್ತದೆ. ಬಿದ್ದವರನ್ನು ಎತ್ತಲು ಉಸಿರಾಟದ ಸಾಧನವಿಲ್ಲದೆ ಇಳಿದವರೂ ಅಲ್ಲಿಯೇ ಬೀಳುತ್ತಾರೆ.

ಟ್ಯಾಂಕ್ ಒಳಕ್ಕೆ ಕುಸಿಯುವ ಅಪಾಯವನ್ನು ಜನ ಕಡಿಮೆ ಎಣಿಸುತ್ತಾರೆ. ಕ್ರಿಮಿಶುದ್ಧೀಕರಣದ ನಂತರ ಶುದ್ಧ ಗಾಳಿ ಬಿಡದೆ ತಣಿಸಿದರೆ ಉಗಿ ನೀರಾಗಿ ಒಳಗೆ ನಿರ್ವಾತವಾಗುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯಾಂಕಿಗೆ ತೊಳೆಯಲು ಕಾಸ್ಟಿಕ್ ಸೋಡಾ ಸಿಂಪಡಿಸಿದರೂ ಅದೇ ಪರಿಣಾಮ, ಏಕೆಂದರೆ ಕ್ಷಾರ ಆ ಅನಿಲವನ್ನು ನುಂಗಿಬಿಡುತ್ತದೆ. ಮೊದಲು ಗಾಳಿ ಹಾಯಿಸಿ, ಆಮೇಲೆ ತೊಳೆಯಿರಿ. ಒಣಗಿದ ಕವಕಜಾಲ ಮತ್ತು ಬೀಜಕಗಳನ್ನು ಕೆರೆಯುವಾಗ ಉಸಿರಾಟದ ಮುಖವಾಡ ಬೇಕು. ಆಸ್ಪರ್ಜಿಲಸ್ ಬೀಜಕಗಳಿಂದ ಅಲರ್ಜಿ ಮತ್ತು ಉಸಿರಾಟದ ತೊಂದರೆ ಬರುತ್ತದೆ.

ಆಹಾರ ಅಥವಾ ಔಷಧಕ್ಕೆ ಹೋಗುವ ಉತ್ಪನ್ನದಲ್ಲಿ ಬೇರೆ ಶಿಲೀಂಧ್ರದ ಸೋಂಕು ಕಂಡರೆ, ಅಥವಾ ತಳಿಯೇ ಬದಲಾಗಿದೆ ಎಂಬ ಅನುಮಾನವಿದ್ದರೆ, ಶಿಲೀಂಧ್ರವಿಷಗಳ ಪರೀಕ್ಷೆ ಮುಗಿಯುವ ತನಕ ಲಾಟನ್ನು ತಡೆಹಿಡಿದು ಗುಣಮಟ್ಟ ವಿಭಾಗಕ್ಕೆ ಒಪ್ಪಿಸಬೇಕು. ಅದೇ ದೋಷ ಎರಡು ಬ್ಯಾಚುಗಳಲ್ಲಿ ಮರುಕಳಿಸಿ ಮೇಲಿನ ಅಗ್ಗದ ಪರೀಕ್ಷೆಗಳೆಲ್ಲ ಮುಗಿದಿದ್ದರೆ ಹೊರಗಿನ ತಜ್ಞರನ್ನು ಕರೆಯುವ ಹೊತ್ತು ಬಂದಿದೆ. ಅವರಿಗೆ ಟ್ಯಾಂಕಿನ ಮತ್ತು ಇಂಪೆಲ್ಲರಿನ ನಕ್ಷೆ, ಪ್ರೋಬುಗಳು ಹಾಗೂ ಫೀಡ್ ಕೊಳವೆಗಳು ಕೂತಿರುವ ಎತ್ತರ, ಎರಡೂ ಬ್ಯಾಚುಗಳ ನಿಮಿಷವಾರು ದಾಖಲೆ, ಗಂಟೆ ಬರೆದ ಸೂಕ್ಷ್ಮದರ್ಶಕ ಚಿತ್ರಗಳು ಮತ್ತು ಹೆಪ್ಪುಗಟ್ಟಿಸಿಟ್ಟ ಸೀಡ್ ಮಾದರಿಯನ್ನು ಒಟ್ಟಿಗೆ ಕಳಿಸಬೇಕು.